ಆಯುಧಪೂಜೆ ಲೆಕ್ಕದಲ್ಲಿ ಬಂದ ಗಂಟೆ

ಟಣ್. ಒಂದೇ ಸಲ. ದಪ್ಪ ಹಿತ್ತಾಳೆ ಗಂಟೆಯ ನಾಲಿಗೆಯನ್ನು ಒಮ್ಮೆ ಎಳೆದು ಬಿಟ್ಟರೆ ಬರುವ ಸದ್ದು. ಅದರ ಹಿಂದೆಯೇ ಗುಂಯ್ ಎನ್ನುವ ಉದ್ದನೆಯ ನಾದ, ಕಾರಿಡಾರಿನ ಹಸಿರು ಗೋಡೆಗಳೊಳಗೆ ಇಂಗಿಹೋಗುವ ತನಕ. ಆಮೇಲೆ ಒಳಗಿನಿಂದ ಯಾರಾದರೂ ಕೇಳುತ್ತಿದ್ದರು, "ಯಾರ್ ಬಂದ್ರು?"

ಈಗ ಆರ್.ಟಿ. ನಗರದ ನಮ್ಮ ಬೀದಿ ಕೊನೆಯ ಗುಡಿಯಲ್ಲಿ ಬೆಳಿಗ್ಗೆ ಯಾರಾದರೂ ಗಂಟೆ ಹೊಡೆದರೆ ಕಾಫಿ ಲೋಟ ಹಿಡಿದ ನನ್ನ ಕೈ ಹಾಗೇ ನಿಲ್ಲುತ್ತದೆ. ಎಪ್ಪತ್ತು ದಾಟಿ ಎಷ್ಟೋ ಆಯಿತು, ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಆದರೂ ಅದೇ ಮಾತು ತುಟಿಯವರೆಗೆ ಬಂದೇಬಿಡುತ್ತದೆ. ಮನೆಯಲ್ಲಿ ಇರುವುದು ನಾನು, ನನ್ನ ತಂಗಿ, ಇಬ್ಬರೇ. ಅವಳು ಪೇಪರಿನಿಂದ ತಲೆ ಎತ್ತದೆ, "ಯಾರೂ ಬಂದಿಲ್ಲ ಕಣೇ, ಕಾಫಿ ಕುಡಿ" ಅನ್ನುತ್ತಾಳೆ.

ಆ ಇನ್ನೊಂದು ಗಂಟೆ ಇದ್ದದ್ದು ಯಲಹಂಕದಲ್ಲಿ. ನಾನು ಜೀವಮಾನವೆಲ್ಲ ಕೆಲಸ ಮಾಡಿದ್ದು ಕಾರ್ಖಾನೆ ಕೆಲಸಗಾರರ ಆಸ್ಪತ್ರೆಗಳಲ್ಲಿ, ನರ್ಸ್ ಆಗಿ. ಹತ್ತಾರು ಕಾರ್ಖಾನೆಗಳು ಸೇರಿ ನಡೆಸುವ ದೊಡ್ಡ ವೈದ್ಯಕೀಯ ವ್ಯವಸ್ಥೆ ಅದು. ಎಲ್ಲರ ಬಾಯಲ್ಲೂ ಬರೀ 'ಸ್ಕೀಮು'. ಸ್ಕೀಮಿನಲ್ಲಿ ಪ್ರತಿಯೊಂದಕ್ಕೂ ಒಂದು ದಾರಿ. ಮೊದಲು ನಿಮ್ಮ ಏರಿಯಾದ ಡಿಸ್ಪೆನ್ಸರಿ, ಅಲ್ಲಿಂದ ಚೀಟಿ ಬರೆಸಿಕೊಂಡು ಏರಿಯಾ ಆಸ್ಪತ್ರೆ, ಅಲ್ಲಿಂದ ಊರಿನ ಆ ತುದಿಯ ಮುಖ್ಯ ಆಸ್ಪತ್ರೆ. ಕ್ಯಾನ್ಸರ್ ಅಂದರೆ ಮುಖ್ಯ ಆಸ್ಪತ್ರೆಯೇ ಗತಿ. ಚಿಕ್ಕಬಾಣಾವರದವರು, ಬಾಗಲಗುಂಟೆಯವರು, ಚಿಕ್ಕಜಾಲದವರು ಬೆಳಗಾಗುವ ಮೊದಲೇ ಹೊರಟು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ, ಡ್ರಿಪ್ ಹಾಕಿಸಿಕೊಂಡು, ವಾಪಸು ಬರುವಾಗ ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಕೂತಿರುತ್ತಿದ್ದರು. ಕಾಯಿಲೆಗಿಂತ ಆ ಪ್ರಯಾಣವೇ ಅವರನ್ನು ಅರ್ಧ ತಿಂದುಹಾಕುತ್ತಿತ್ತು.

ಕೊನೆಗೂ ಯಾರಿಗೋ ಬುದ್ಧಿ ಬಂತು. ಯಲಹಂಕದ ನಮ್ಮ ಏರಿಯಾ ಆಸ್ಪತ್ರೆಯ ಹಿಂಭಾಗದಲ್ಲಿ, ಹಿಂದೆ ಫಿಸಿಯೋಥೆರಪಿ ನಡೆಯುತ್ತಿದ್ದ ಉದ್ದನೆಯ ಹಾಲಿನಲ್ಲಿ ಕೀಮೋ ಕೊಡುವ ಡೇ ಕೇರ್ ಶುರು ಮಾಡುವುದೆಂದು ಆಯಿತು. ಬೆಳಿಗ್ಗೆ ಬಂದು ಸಂಜೆ ಮನೆಗೆ. ನಡೆಸಿಕೊಡಲು ಹಳಬರು ಬೇಕು ಎಂದರು. ರಿಟೈರ್ ಆಗಿ ಗುಲಾಬಿ ಗಿಡಗಳಿಗೆ ನೀರು ಹಾಕಿಕೊಂಡಿದ್ದ ನನ್ನನ್ನು ಒಂದು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಕರೆದರು. ನಾನು "ಥಿಂಕ್ ಮಾಡ್ತೀನಿ" ಅಂದೆ. ಫೋನ್ ಇಟ್ಟ ಮರುಕ್ಷಣವೇ ಬಿಳಿ ಸೀರೆಗಳಿಗೆ ಗಂಜಿ ಹಾಕಲು ಕೂತೆ. ತಂಗಿ ನಕ್ಕಳು, "ಇದೇನಾ ನಿನ್ನ ಥಿಂಕಿಂಗು?"

ಆ ವರ್ಷದ ಮಳೆ ಜೂನಿನಲ್ಲೇ ಹಿಡಿದುಕೊಂಡಿತು. ಹಾಲಿನ ಕಿಟಕಿಗಳಾಚೆ ಒಂದು ಹಳೇ ಹೊಂಗೆ ಮರ. ಅದರ ಎಲೆಗಳ ಮೇಲೆ ಇಡೀ ದಿನ ಸದ್ದು. ಮೋಡ ಬಿಡುವು ಕೊಟ್ಟಾಗ ವಾಯುನೆಲೆಯಿಂದ ಎದ್ದ ವಿಮಾನಗಳು ತಲೆಯ ಮೇಲೆಯೇ ಹಾದುಹೋಗುತ್ತಿದ್ದವು, ಡ್ರಿಪ್ ಬಾಟಲಿಗಳು ನಡುಗುತ್ತಿದ್ದವು. ನಮ್ಮ ಔಷಧಿ ತಯಾರಾಗುತ್ತಿದ್ದದ್ದು ಮುಖ್ಯ ಆಸ್ಪತ್ರೆಯಲ್ಲಿ. ಯಾರಿಗೆ ಯಾವುದು, ಎಷ್ಟು ಎಂದು ಅಲ್ಲಿನ ದೊಡ್ಡ ಡಾಕ್ಟರುಗಳ ಬೋರ್ಡು ವೀಡಿಯೋದಲ್ಲಿ ಕೂತು ತೀರ್ಮಾನ ಮಾಡುತ್ತಿತ್ತು. ಐಸ್ ಪೆಟ್ಟಿಗೆಯಲ್ಲಿ ಇಟ್ಟ ಚೀಲಗಳು ವ್ಯಾನಿನಲ್ಲಿ ನಮಗೆ ಬರುತ್ತಿದ್ದವು. ಹೆಬ್ಬಾಳದಲ್ಲಿ ನೀರು ನಿಂತ ದಿನ ವ್ಯಾನು ತಡ. ಕೈಗೆ ಸೂಜಿ ಚುಚ್ಚಿಸಿಕೊಂಡು ತಯಾರಾಗಿ ಕೂತವರೆಲ್ಲ ಗೇಟಿನ ಕಡೆ ಕಿವಿ ಕೊಟ್ಟಿರುತ್ತಿದ್ದರು. ವ್ಯಾನಿನ ಹಾರ್ನ್ ಕೇಳಿದ ಕೂಡಲೇ ಇಡೀ ಹಾಲು ಉಸಿರು ಬಿಡುತ್ತಿತ್ತು. ವಿಷದಂಥ ಔಷಧಿ ಬಂತೆಂದು ಜನ ಅಷ್ಟು ಖುಷಿಪಡುವುದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.

ನಮ್ಮ ಡೇ ಕೇರಿನ ಡಾಕ್ಟರು ನಂದಿತಾ. ಯಶವಂತಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ. ಹೊರದೇಶದಲ್ಲಿ ತರಬೇತಿ ಮುಗಿಸಿ ಬಂದು ಇಲ್ಲಿ ಸೇರಿದ್ದಳು. ಕ್ಯಾನ್ವಾಸ್ ಶೂ ಹಾಕಿಕೊಂಡು ಓಡಾಡುವ ಕ್ಯಾನ್ಸರ್ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು. ಪೇಷಂಟುಗಳ ಮಂಚದ ಅಂಚಿನಲ್ಲಿ ಕೂತು ಮಾತಾಡಿಸುತ್ತಿದ್ದಳು. ನಮ್ಮ ಕಾಲದಲ್ಲಿ ಹಾಗೆ ಕೂತಿದ್ದರೆ ಮೇಟ್ರನ್ ಕೊಂದೇಹಾಕುತ್ತಿದ್ದರು.

ಲಕ್ಷ್ಮೀದೇವಮ್ಮ ನಮ್ಮಲ್ಲಿಗೆ ಬಂದದ್ದು ಆ ಮಳೆಯ ಆರಂಭದಲ್ಲಿ. ಚಿಕ್ಕಜಾಲದವರು. ಒಂದು ಸ್ತನ ತೆಗೆದು, ಗಾಯ ಮಾಗಿ, ಕೀಮೋಗೆಂದು ಕಳಿಸಿದ್ದರು. ಜೊತೆಯಲ್ಲಿ ಗಂಡ ಮುನೇಗೌಡರು, ಬಗಲಲ್ಲಿ ಕೊಡೆ, ಹೆಗಲ ಮೇಲೆ ಟವೆಲ್ಲು. ಆತ ಹೊಲವನ್ನೂ ನೋಡಿಕೊಂಡು ಕಾರ್ಖಾನೆಯ ಶಿಫ್ಟನ್ನೂ ಮಾಡಿದವರು. ಈಗ ಹೊಲದಲ್ಲಿ ಅರ್ಧ ಹೈವೇಗೆ ಹೋಗಿತ್ತು, ಉಳಿದದ್ದರಲ್ಲಿ ಸೈಟುಗಳಾಗಿದ್ದವು. ಮೂರಂತಸ್ತಿನ ಮನೆ, ಮಗನಿಗೆ ಕಾರು. ಏರ್‌ಪೋರ್ಟ್ ರೋಡಿನ ಗಾಜಿನ ಆಸ್ಪತ್ರೆಗಳಿಗೆ ಹೋಗುವ ಅನುಕೂಲವಿತ್ತು. ಹಾಗೆಂದು ಯಾರೋ ಹೇಳಿದಾಗ ಗೌಡರು ಟವೆಲ್ಲು ಕೊಡವಿದರು.

"ಅಲ್ಲಿ ನಾವ್ಯಾರು ಅವ್ರಿಗೆ? ಇಲ್ಲಿ ನನ್ ಮಕ್ಳು ಉಟ್ಟವ್ರೆ. ನಮ್ಮಾಸ್ಪತ್ರೆ ಇದು."

ಮೊದಲ ಡ್ರಿಪ್ಪಿನ ದಿನ ಕೆಂಪು ಔಷಧಿಯ ಸಿರಿಂಜು ನೋಡಿ ಲಕ್ಷ್ಮೀದೇವಮ್ಮ ಹುಬ್ಬೇರಿಸಿದರು. "ಇದೇನ್ ಸಿಸ್ಟರಮ್ಮ, ಮದ್ವೆ ಮನೆ ಶರಬತ್ ಇದ್ದಂಗೈತೆ?"

"ಎರಡು ದಿನ ಮೂತ್ರ ಕೆಂಪಗೆ ಬರುತ್ತೆ, ಗಾಬರಿ ಆಗ್ಬೇಡಿ."

"ಗಾಬ್ರಿ ಯಾಕೆ, ಬೀಟ್ರೂಟ್ ತಿಂದ್ರೂ ಅಂಗೇ ಬತ್ತದೆ."

ಬಾಯಿ ಹುಣ್ಣಾಗದಿರಲಿ ಎಂದು ಆ ಔಷಧಿ ಹೋಗುವಷ್ಟು ಹೊತ್ತು ಬಾಯಲ್ಲಿ ಐಸ್ ಇಟ್ಟುಕೊಳ್ಳಬೇಕು. ಬರೀ ಐಸ್ ಅಂದರೆ ಯಾರಿಗೂ ಸೇರುತ್ತಿರಲಿಲ್ಲ. ಹೊರಗಿನ ಅಂಗಡಿಯಿಂದ ಕಿತ್ತಳೆ ಬಣ್ಣದ ಐಸ್ ಕ್ಯಾಂಡಿ ತರಿಸಲು ಶುರು ಮಾಡಿದೆ. ಹೊರಗೆ ಧೋ ಎಂದು ಮಳೆ. ಒಳಗೆ ಅಜ್ಜ ಅಜ್ಜಿಯರೆಲ್ಲ ಸಾಲಾಗಿ ಕೂತು ಕ್ಯಾಂಡಿ ಚೀಪುತ್ತಿದ್ದರು, ಶಾಲೆ ಬಿಟ್ಟ ಮಕ್ಕಳ ಹಾಗೆ. ಪಕ್ಕದ ಕುರ್ಚಿಯಲ್ಲಿ ಬಾಗಲಗುಂಟೆಯ ರಾಜಣ್ಣ, ರಿಟೈರ್ಡ್ ಲೇತ್ ಟರ್ನರ್, ಕರುಳಿನ ಕ್ಯಾನ್ಸರ್. ಬಾಯಿ ಸುಮ್ಮನಿರುತ್ತಿರಲಿಲ್ಲ.

"ಲಕ್ಷ್ಮೀದೇವಕ್ಕ, ಇನ್ನು ಕೂದ್ಲು ಹೋಗುತ್ತೆ. ತಿರುಪತಿಗೆ ಹೋಗೋ ಖರ್ಚು ಉಳೀತು ಬಿಡಿ."

ಆಕೆ ಕ್ಯಾಂಡಿ ಬಾಯಿಂದ ತೆಗೆದು ಅವರ ಬೋಳು ತಲೆಯನ್ನೊಮ್ಮೆ ನಿಧಾನವಾಗಿ ನೋಡಿದರು. "ನಿಂದು ಯಾವಾಗ್ಲೋ ಉಳ್ದೈತಲ್ಲಪ್ಪ."

ಇಡೀ ಹಾಲು ನಕ್ಕಿತು. ಡ್ರಿಪ್ ಸ್ಟ್ಯಾಂಡ್ ಹಿಡಿದುಕೊಂಡು ನಾನೂ ನಕ್ಕೆ. ನಾನು ಓದಿ ಬೆಳೆದ ಕಾನ್ವೆಂಟಿನಲ್ಲಿ ನಮಗೆ ಹಲ್ಲು ಕಾಣುವ ಹಾಗೆ ನಗಬಾರದೆಂದು ಕಲಿಸಿದ್ದರು. ಆ ಹಾಲಿನಲ್ಲಿ ನಾನು ಅದನ್ನು ಮರೆತೆ.

ಸುಲಭವಾಗಿತ್ತೆಂದು ಹೇಳುತ್ತಿಲ್ಲ. ಆಗಸ್ಟಿನಲ್ಲಿ ಆಕೆಯ ರಕ್ತದಲ್ಲಿ ಬಿಳಿ ಕಣಗಳು ಇಳಿದು ಡ್ರಿಪ್ ಮುಂದಕ್ಕೆ ಹಾಕಬೇಕಾಯಿತು. ರಾಗಿ ಗಂಜಿ ಕೂಡ ಒಳಗೆ ನಿಲ್ಲದ ದಿನಗಳಿದ್ದವು. ಆದರೂ ಬಂದರು, ಪ್ರತಿ ಸಲವೂ. ಕೊನೆಯ ಸುತ್ತಿನ ಹೊತ್ತಿಗೆ ತೆಗೆಸಿದ ಸ್ಕ್ಯಾನಿನಲ್ಲಿ ಎಲ್ಲವೂ ಸರಿಯಾಗಿತ್ತು, ಬಲ ಶ್ವಾಸಕೋಶದಲ್ಲಿ ಒಂದು ಸಣ್ಣ ಚುಕ್ಕೆ ಬಿಟ್ಟು. ಅದು ಹಳೆಯ ಕಲೆಯೋ, ಕಾಯಿಲೆಯೇ ಅಲ್ಲಿಗೆ ಹೋಗಿದೆಯೋ, ಆಗಲೇ ಹೇಳಲು ಬರುವಂತಿರಲಿಲ್ಲ. ನಂದಿತಾ ಆಕೆಗೆ ಮುಚ್ಚಿಡಲಿಲ್ಲ. "ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ ಅಮ್ಮ. ಬೆಳೆದಿಲ್ಲ ಅಂದ್ರೆ ಚಿಂತೆ ಇಲ್ಲ. ಬೆಳೆದಿದ್ರೆ ಬೇಗ ಹಿಡೀಬೇಕು. ತಪ್ಪಿಸ್ಬೇಡಿ." ಲಕ್ಷ್ಮೀದೇವಮ್ಮ ತಲೆಯಾಡಿಸಿದರು.

ಗಂಟೆಯ ವಿಷಯ ಅದಕ್ಕೂ ಮೊದಲೇ ಬಂದಿತ್ತು. ಹೊರದೇಶದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಮುಗಿಸಿದವರು ಹೊರಡುವಾಗ ಒಂದು ಗಂಟೆ ಬಾರಿಸುತ್ತಾರಂತೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರಂತೆ. ನಂದಿತಾ ಅದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ನನಗೂ ಇಷ್ಟವಾಯಿತು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಾನ್ವೆಂಟಿನ ಗಂಟೆಗಳ ನಡುವೆಯೇ ಬೆಳೆದವಳು ನಾನು. ಸರಿ, ಸ್ಟೋರ್ಸಿಗೆ ಬರೆದೆವು, 'ಬೆಲ್, ಒಂದು' ಎಂದು. ಸ್ಕೀಮಿನ ಸ್ಟೋರ್ಸ್ ಅಂದರೆ ಸಮುದ್ರ. ಕೆಲವು ವಾರ ಕಳೆದ ಮೇಲೆ ಬಂದದ್ದು ಬಾಗಿಲಿಗೆ ಹಾಕುವ ಕರೆಗಂಟೆ, ಒತ್ತಿದರೆ ಗುಬ್ಬಚ್ಚಿ ಹಾಗೆ ಕೂಗುವಂಥದು. ವಾಪಸು ಕಳಿಸಿದೆವು. ಹಿತ್ತಾಳೆ ಗಂಟೆ ಆಸ್ಪತ್ರೆ ಸಾಮಾನುಗಳ ಪಟ್ಟಿಯಲ್ಲಿ ಇಲ್ಲ ಎಂದು ಉತ್ತರ ಬಂತು. ಕೊನೆಗೆ ನಮ್ಮ ಆಫೀಸಿನ ಗುಮಾಸ್ತರೇ ಉಪಾಯ ಹುಡುಕಿದರು. "ಸಿಸ್ಟರ್, ಆಯುಧಪೂಜೆ ಬಂತಲ್ಲ. ಅರಿಶಿನ, ಕುಂಕುಮ, ಬೂದುಗುಂಬಳಕಾಯಿ, ಗಂಟೆ. ಪೂಜಾ ಸಾಮಾನು ಅಂತ ತರಿಸ್ಬಿಡೋಣ."

ಹಾಗಾಗಿ ಬಂದದ್ದು ಅಪ್ಪಟ ಗುಡಿ ಗಂಟೆ. ಆಯುಧಪೂಜೆಯ ದಿನ ಡ್ರಿಪ್ ಸ್ಟ್ಯಾಂಡುಗಳಿಗೆಲ್ಲ ಕುಂಕುಮ ಇಟ್ಟೆವು, ಮಾರನೆಯ ದಿನ ಬಡಗಿ ಬಂದು ಹೊರಗೆ ಹೋಗುವ ಬಾಗಿಲ ಪಕ್ಕ ಅದನ್ನು ತೂಗುಹಾಕಿದ.

ಮೊದಲು ಬಾರಿಸಿದ್ದು ರಾಜಣ್ಣ. ಕಾರ್ಖಾನೆಯ ಶಿಫ್ಟ್ ಬಿಟ್ಟ ಹಾಗೆ ಬಡಿದರು, ಹೊಂಗೆ ಮರದ ಕಾಗೆಗಳೆಲ್ಲ ಹಾರಿಹೋದವು. ಆ ವಾರವೇ ಲಕ್ಷ್ಮೀದೇವಮ್ಮನ ಕೊನೆಯ ಡ್ರಿಪ್ ಮುಗಿಯಿತು. ಆಕೆ ಕೈಮುಗಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಗಂಟೆಯನ್ನು ದಾಟಿ ಹೊರಟೇಬಿಟ್ಟಿದ್ದರು. ನಂದಿತಾ ಓಡಿಹೋಗಿ ಕೈ ಹಿಡಿದು ವಾಪಸು ಕರೆತಂದಳು. "ಅಮ್ಮಾ, ನೀವು ಹೊಡೀಲೇಬೇಕು!" ಆಕೆಯ ಕೈಯ ಮೇಲೆ ತನ್ನ ಕೈಯಿಟ್ಟು ಮೂರು ಸಲ ಬಾರಿಸುವಂತೆ ಮಾಡಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಕೆ ನಗಲಿಲ್ಲ. ಸಂಕೋಚ ಇರಬೇಕು ಅಂದುಕೊಂಡೆ. ಮನೆಗೆ ಬಂದವರನ್ನು ಗೇಟಿನವರೆಗೆ ಹೋಗಿ ಕಳಿಸಿಕೊಡಬೇಕು, 'ಡೂ ಕಮ್ ಅಗೇನ್' ಅನ್ನಬೇಕು ಎಂದು ಕಾನ್ವೆಂಟಿನ ಮದರ್ ನಮಗೆ ಕಲಿಸಿದ್ದರು. ನಾನು ಮೆಟ್ಟಿಲವರೆಗೆ ಹೋಗಿ, ನಗುತ್ತಾ, "ಮತ್ತೆ ಬನ್ನಿ, ಆಯ್ತಾ?" ಅಂದೆ.

ಆಕೆ ನನ್ನನ್ನೊಮ್ಮೆ ನೋಡಿದರು. ಸರಸರನೆ ಇಳಿದುಹೋದರು.

ಜನವರಿ ಬಂತು. ಬೆಳಗಿನ ಮಂಜು, ಸಂತೆಯಲ್ಲಿ ಅವರೆಕಾಯಿಯ ರಾಶಿ. ಲಕ್ಷ್ಮೀದೇವಮ್ಮನ ಸ್ಕ್ಯಾನಿನ ದಿನ ಬಂತು, ಹೋಯಿತು. ಅವರು ಬರಲಿಲ್ಲ. ಕಂಪ್ಯೂಟರಿನಿಂದ ತಾನಾಗಿಯೇ ಮೆಸೇಜುಗಳು ಹೋದವು. ಇನ್ನೊಂದು ದಿನ ಕೊಟ್ಟೆವು, ಅದಕ್ಕೂ ಇಲ್ಲ. ಫೋನ್ ಮಾಡಿದರೆ ಗೌಡರು, "ಬತ್ತಾಳೆ ಮೇಡಮ್ನೋರೇ, ಅಬ್ಬ ಕಳೀಲಿ" ಅಂದರು. ಹಬ್ಬ ಕಳೆಯಿತು. ಆಕೆಯ ಹೆಸರಿನ ಮುಂದೆ ಕಂಪ್ಯೂಟರು ಕೆಂಪಕ್ಷರದಲ್ಲಿ 'ಲಾಸ್ಟ್', ಕಳೆದುಹೋದವರು, ಎಂದು ತೋರಿಸತೊಡಗಿತು. ಇಂಗ್ಲಿಷಿನಲ್ಲಿ ಎಷ್ಟೋ ಕ್ರೂರವಾದ ಪದಗಳನ್ನು ಕೇಳಿದ್ದೇನೆ. ಆದರೆ ಬದುಕಿರುವ, ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿರುವ ಒಬ್ಬ ಹೆಂಗಸನ್ನು 'ಲಾಸ್ಟ್' ಎಂದು ಬರೆದದ್ದನ್ನು ನೋಡಿದ್ದು ಅದೇ ಮೊದಲು. ಆಕೆಯೊಬ್ಬರೇ ಅಲ್ಲ. ಗಂಟೆ ಬಾರಿಸಿ ಹೋದವರಲ್ಲಿ ಎಷ್ಟೋ ಜನ ಚೆಕಪ್ಪಿಗೆ ಬಂದಿರಲಿಲ್ಲ. ಆದರೆ ಚುಕ್ಕೆ ಇದ್ದದ್ದು ಆಕೆಗೆ. ಬೆಳೆಯುವುದಾದರೆ ಅದು ನಮ್ಮ ಹಬ್ಬ ಹರಿದಿನ ನೋಡಿಕೊಂಡು ಬೆಳೆಯುವುದಿಲ್ಲ.

"ಸ್ಕೀಮಲ್ಲಿ ಮನೆಗೆ ಹೋಗೋ ಪ್ರೊವಿಷನ್ ಇಲ್ಲ ಸಿಸ್ಟರ್" ಅಂದಳು ನಂದಿತಾ.

"ನಾನು ಅವರೆಕಾಯಿ ತರೋಕೆ ಹೋಗ್ತಿದೀನಿ" ಅಂದೆ. ಚಿಕ್ಕಜಾಲದ ಬಸ್ಸು ಹತ್ತಿದೆ.

ಮನೆಯ ಕೆಳಗಿನ ಅಂತಸ್ತನ್ನು ಯಾವುದೋ ಪಾರ್ಸೆಲ್ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರು. ಹಿಂದುಗಡೆ ಮಾತ್ರ ಇನ್ನೂ ಹಳ್ಳಿ: ಒಂದು ಸೀಬೆ ಮರ, ದಂಟಿನ ಪಾತಿ, ಒಗೆಯುವ ಕಲ್ಲು. ಗೌಡರು ನನ್ನನ್ನು ನೋಡಿ ನಾಚಿಕೊಂಡರು. "ಬನ್ನಿ ಬನ್ನಿ. ನಂಗೂ ಏಳಿ ಏಳಿ ಸಾಕಾಗೈತೆ. ನೀವೇ ಕೇಳಿ ಅವ್ಳುನ್ನ."

ಲಕ್ಷ್ಮೀದೇವಮ್ಮ ಹಿತ್ತಿಲಲ್ಲಿ ಮೊರದ ಮುಂದೆ ಕೂತಿದ್ದರು. ತಲೆಯ ಮೇಲೆ ಹೊಸ ಕೂದಲು, ಎಳೆ ಮಗುವಿನ ಹಾಗೆ ಮೆತ್ತಗೆ. ಪಕ್ಕದಲ್ಲಿ ನೆನೆಸಿಟ್ಟ ಅವರೆಕಾಳಿನ ಪಾತ್ರೆ. ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಬೇಳೆ ಹಾರಿಸುತ್ತಿದ್ದರು.

"ಬನ್ನಿ ಸಿಸ್ಟರಮ್ಮ. ಕುಂತ್ಕಳಿ. ಸುಮ್ನೆ ಕುಂತ್ರೆ ಬೇಜಾರಾಗುತ್ತೆ, ತಕಳಿ" ಎಂದು ಒಂದು ಬೊಗಸೆ ಕಾಳು ನನ್ನ ಮುಂದೆ ಸುರಿದರು. ಗಂಜಿ ಹಾಕಿದ ಸೀರೆಯಲ್ಲಿ ಮಣೆಯ ಮೇಲೆ ಕೂತು ನಾನೂ ಹಿತುಕತೊಡಗಿದೆ. ನನ್ನ ಬೇಳೆಗಳು ಸೀಬೆ ಮರದವರೆಗೆ ಹಾರಿದವು. ಆಕೆ ಕಂಡೂ ಕಾಣದ ಹಾಗೆ ಮೊರವನ್ನು ನನ್ನ ಹತ್ತಿರಕ್ಕೆ ಸರಿಸಿದರು. ಬೆರಳಿಗೆಲ್ಲ ಆ ಸೊಗಡು ಹತ್ತಿತು.

"ಯಾಕ್ ಬರ್ಲಿಲ್ಲ ಲಕ್ಷ್ಮೀದೇವಮ್ಮ?"

"ಬರೋಕೇನು, ಬಸ್ ಐತೆ, ಮಗಂದು ಕಾರೈತೆ."

"ಮತ್ತೆ?"

ಇನ್ನೂ ನಾಲ್ಕು ಕಾಳು ಹಿತುಕಿದರು. ಆಮೇಲೆ ಕಾಳಿನಿಂದ ಕಣ್ಣು ತೆಗೆಯದೆ ಕೇಳಿದರು. "ಗುಡೀಲಿ ಗಂಟೆ ಯಾವಾಗ ಬಡೀತೀರ ನೀವು? ಒಳೀಕ್ ಓಗೋವಾಗೋ, ಈಚೆ ಬರೋವಾಗೋ?"

"ಒಳಗೆ ಹೋಗೋವಾಗ."

"ಯಾಕೆ?"

"ಬಂದಿದೀನಿ ಅಂತ ದೇವ್ರಿಗೆ ಗೊತ್ತಾಗ್ಲಿ ಅಂತ."

"ನೋಡಿ ಮತ್ತೆ. ಈಚೆ ಬರೋವಾಗ ಬಡುದ್ರೆ ನಮ್ಮತ್ತೆ ತಲೆ ಮೇಲ್ ಮೊಟಕೋರು. ನೀವು ನನ್ ಕೈಲಿ ಓಗೋವಾಗ ಬಡ್ಸಿದ್ರಿ. ಒಂದ್ಸಲ ಅಲ್ಲ, ಮೂರ್ ಸಲ. ಅದ್ರ ಮೇಲೆ ನೀವ್ ಬೇರೆ ಮತ್ತೆ ಬನ್ನಿ ಅಂದ್ರಿ. ಆಸ್ಪತ್ರೇಲಿ ಯಾರಾರ ಅಂಗಂತಾರಾ? ಆಸ್ಪತ್ರೆಯಿಂದ ಓಗೋವಾಗ ನಾವು ಬತ್ತೀನಿ ಅಂತ್ಲೂ ಅನ್ನಲ್ಲ." ಒಂದು ಕಾಳು ಬೆರಳ ನಡುವೆ ಹಾಗೇ ನಿಂತಿತು. "ನಾನ್ ಮುಗ್ಸಿ ಓಯ್ತಿವ್ನಿ ಅಂತ ಆ ಕಾಯ್ಲೆಗೆ ಗೊತ್ತಾಗ್ಬೇಕಿತ್ತು. ಅದ್ ಬುಟ್ಟು ನಾವೇ ಕೂಗಿ, ಇಲ್ಲೇ ಇವ್ನಿ ಬಾ ಅಂತ ಕರ್ದಂಗಾಯ್ತು. ಆ ಚುಕ್ಕೆ ಐತಲ್ಲ ಎದೇಲಿ, ಅದುಕ್ಕೆ ಕೇಳುಸ್ತು ಅನ್ಸುತ್ತೆ ನಂಗೆ."

'ನಾನ್‌ಸೆನ್ಸ್' ಎನ್ನುವ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು, ಕಾನ್ವೆಂಟಿನ ಉಚ್ಚಾರಣೆಯ ಸಮೇತ. ಆದರೆ ಆಕೆಯ ಬೆರಳ ನಡುವಿನ ಆ ಕಾಳು ಇನ್ನೂ ಹಿತುಕದೆ ಉಳಿದಿತ್ತು. ಇಷ್ಟು ತಿಂಗಳು ಈ ಮನೆಯಲ್ಲಿ, ಮಗ ಸೊಸೆಯರ ನಡುವೆ, ಯಾರಿಗೂ ಹೇಳದೆ ಆಕೆ ಆ ಮೂರು ಸದ್ದುಗಳನ್ನು ಹೊತ್ತುಕೊಂಡು ಕೂತಿದ್ದರು. ವಿಜ್ಞಾನ ಹೇಳಲು ನನಗೆ ಬರುತ್ತಿತ್ತು. ಅದರಿಂದ ಆಕೆ ಬಸ್ಸು ಹತ್ತುತ್ತಾರೆಯೇ? ನಾನು ಬೇರೆ ಪ್ರಶ್ನೆ ಕೇಳಿದೆ.

"ಏನ್ ಮಾಡಿದ್ರೆ ಬರ್ತೀರ?"

ಆಕೆ ಮೊದಲ ಸಲ ತಲೆಯೆತ್ತಿದರು. ಈ ಪ್ರಶ್ನೆಗೆ ಉತ್ತರ ಎಂದೋ ತಯಾರಾಗಿತ್ತು. "ಗಂಟೇನ ಆ ಬಾಗ್ಲಿಂದ ತೆಗ್ಸಿ. ಒಳೀಕ್ ಬರೋ ಬಾಗ್ಲಿಗೆ ಕಟ್ಸಿ. ಬಂದೋರು ಬಡೀಲಿ. ದೇವ್ರೇ, ಬಂದಿವ್ನಿ, ನೋಡ್ಕೊ ಅಂತ ಮೊದ್ಲು ಅವ್ನಿಗೆ ಏಳ್ಬುಟ್ಟು ಆಮೇಕೆ ನಿಮ್ ಮಿಸೀನೊಳೀಕೆ ಓಗ್ತೀನಿ."

"ಅಷ್ಟೇನಾ?"

"ಅಷ್ಟೇಯ."

ಮಾರನೆಯ ದಿನ ನಂದಿತಾಳಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. ಪಾಪ, ಅಷ್ಟು ಆಸೆಯಿಂದ ತರಿಸಿದ ಗಂಟೆ. "ಇದು ಸೂಪರ್‌ಸ್ಟಿಷನ್ ಅಲ್ವಾ ಸಿಸ್ಟರ್? ನಾವೇ ಎನ್‌ಕರೇಜ್ ಮಾಡೋದಾ?"

"ಗಂಟೆ ಬಡಿದ್ರೆ ಕ್ಯಾನ್ಸರ್ ಮುಗೀತು ಅನ್ನೋದು ಇನ್ನೇನು ಡಾಕ್ಟ್ರೇ? ನಿಮ್ದೂ ನಂಬಿಕೆ, ಅವ್ರ್ದೂ ನಂಬಿಕೆ. ಯಾವ ಬಾಗಿಲಲ್ಲಿ ಅನ್ನೋದಷ್ಟೇ ಜಗಳ."

ಅವಳು ಜೋರಾಗಿ ನಕ್ಕಳು. "ನಮ್ಮಜ್ಜಿನೂ ಬೈತಿದ್ರು ಸಿಸ್ಟರ್. ಯಶವಂತಪುರದ ಗುಡೀಲಿ, ಹೊರಗೆ ಬರೋವಾಗ ಗಂಟೆ ಮುಟ್ಟಿದ್ರೆ ಕೈಗೊಂದು ಬೀಳ್ತಿತ್ತು. ಏರೋಪ್ಲೇನ್ ಹತ್ತಿ ಹೋಗ್ಬಂದಿದ್ದಕ್ಕೆ ಮರ್ತೇಹೋಯ್ತು ನೋಡಿ."

ಇನ್ನುಳಿದದ್ದು ಸ್ಕೀಮು. ಗೋಡೆಗೆ ಹಾಕಿದ ಯಾವ ವಸ್ತುವನ್ನೂ ಮೇಲಿನ ಅನುಮತಿ ಇಲ್ಲದೆ ಅಲುಗಾಡಿಸುವಂತಿಲ್ಲ, ಫ್ಯಾನ್ ಆದರೂ ಸರಿ, ಗಡಿಯಾರ ಆದರೂ ಸರಿ. ಅನುಮತಿಗೆ ಬರೆದು ಕೂತರೆ ಮುಂದಿನ ಆಯುಧಪೂಜೆ ಬರುತ್ತಿತ್ತು. ಗುಮಾಸ್ತರು ಕನ್ನಡಕ ಮೇಲೇರಿಸಿದರು. "ಅದು ನಮ್ಮ ಆಸ್ತಿ ಅಲ್ವಲ್ಲ ಸಿಸ್ಟರ್. ಕುಂಬಳಕಾಯಿ ಜೊತೆ ಬಂದಿದ್ದು. ಲೆಕ್ಕದ ಪ್ರಕಾರ ಅವತ್ತೇ ಒಡೆದು ಖರ್ಚಾಗಿದೆ." ನಗು ತಡೆಯಲಾರದೆ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಮಧ್ಯಾಹ್ನದೊಳಗೆ ಬಡಗಿ ಗಂಟೆಯನ್ನು ಕಳಚಿ ಒಳಬರುವ ಬಾಗಿಲಿಗೆ ಹಾಕಿದ. ಹೊರಹೋಗುವ ಬಾಗಿಲ ಪಕ್ಕ ಎರಡು ತೂತುಗಳು ಉಳಿದವು.

ಹೇಳಿದ ದಿನ, ಹೇಳಿದ ಹೊತ್ತಿಗೆ, ಟಣ್. ಒಂದೇ ಸಲ. "ಯಾರ್ ಬಂದ್ರು?" ಎಂದು ನಾನು ಓಡಿಬಂದೆ. ಗೊತ್ತಿದ್ದೂ ಕೇಳಿದೆ. ಲಕ್ಷ್ಮೀದೇವಮ್ಮ ಕಣ್ಣುಮುಚ್ಚಿ, ಗಂಟೆಯ ನಾದ ಇಂಗುವವರೆಗೂ ಕೈಮುಗಿದು ನಿಂತಿದ್ದರು. ಹಿಂದೆ ಗೌಡರು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಿಂತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ!

ಸ್ಕ್ಯಾನ್ ನಮ್ಮಲ್ಲೇ ಆಯಿತು. ಅದನ್ನು ಓದಿ ಹೇಳಬೇಕಾದವರು ಮುಖ್ಯ ಆಸ್ಪತ್ರೆಯಲ್ಲಿ, ಕಂಪ್ಯೂಟರಿನ ಮುಂದೆ. ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆ ದಿನವೇ ನೋಡಿ ಎಂದು ನಂದಿತಾ ಫೋನಿನಲ್ಲಿ ಬೇಡಿಕೊಂಡಿದ್ದಳು. ನಾವು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಜನವರಿಯ ಬಿಸಿಲು ಹೊಂಗೆ ಮರದ ಮೂಲಕ ನೆಲದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ನಾನು ಎದ್ದು ಪರದೆ ಎಳೆದೆ; ಚುಕ್ಕೆಗಳು ಯಾರಿಗೂ ಬೇಡವಾಗಿದ್ದವು. ಗೌಡರು ಟವೆಲ್ಲಿನ ಅಂಚಿನಿಂದ ನೂಲು ಕೀಳುತ್ತಲೇ ಇದ್ದರು. ಆಕೆ ಮಾತ್ರ ಕಲ್ಲಿನ ಹಾಗೆ ಕೂತಿದ್ದರು.

ಕಾರಿಡಾರಿನ ಆ ತುದಿಯಿಂದ ಕ್ಯಾನ್ವಾಸ್ ಶೂಗಳ ಸದ್ದು ಬಂತು. ನಡೆಯುವ ಸದ್ದಲ್ಲ, ಓಡುವ ಸದ್ದು. ಕೆಟ್ಟ ಸುದ್ದಿ ತರುವ ಡಾಕ್ಟರು ಓಡಿ ಬರುವುದಿಲ್ಲ. ಅವಳ ಮುಖ ಕಾಣುವ ಮೊದಲೇ ನಾನು ಬೆಂಚಿನಿಂದ ಎದ್ದು ನಿಂತೆ.

"ಬೆಳೆದಿಲ್ಲ ಅಮ್ಮ! ಒಂಚೂರೂ ಬೆಳೆದಿಲ್ಲ. ಹಳೇ ಕಲೆ ಅಷ್ಟೇ ಅಂತಿದಾರೆ, ಯಾವಾಗ್ಲೋ ಎದೆಗೆ ಸೋಂಕಾಗಿ ವಾಸಿಯಾಗಿರೋ ಗುರುತು. ಇನ್ನೊಂದು ಸಲ ನೋಡೋಣ, ಆದ್ರೆ ಭಯ ಬೇಡ."

ಗೌಡರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಲಕ್ಷ್ಮೀದೇವಮ್ಮ ಉಸಿರು ಎಳೆದುಕೊಂಡರು, ನಿಧಾನವಾಗಿ ಬಿಟ್ಟರು, ಗಂಡನ ಕಡೆ ತಿರುಗಿದರು. "ಅಳೋದಾಮೇಲೆ. ಕಾರಲ್ಲಿ ಇತುಕಿದ್ ಬೇಳೆ ಡಬ್ಬ ಐತೆ, ತಕಬನ್ನಿ ಓಗಿ." ಆಮೇಲೆ ನನಗೆ, "ಮೊದ್ಲೇ ಕೊಟ್ಟಿದ್ರೆ ಲಂಚ ಕೊಟ್ಟಂಗಾಗ್ತಿತ್ತು, ಅದುಕ್ಕೆ ಒಳೀಕ್ ತರ್ಲಿಲ್ಲ."

ಆ ಸಂಜೆ ಆರ್.ಟಿ. ನಗರದ ಮನೆಯಲ್ಲಿ ನಾನೂ ತಂಗಿಯೂ ಹಿತುಕಿದ ಬೇಳೆ ಸಾರು ಮಾಡಿಕೊಂಡು ಉಂಡೆವು. ಬೇಳೆಯನ್ನು ತಟ್ಟೆಯಲ್ಲಿ ನೋಡುತ್ತ ಕೂತಿದ್ದೆ. ಒಂದೊಂದನ್ನೂ ಆಕೆ ಆ ಹಿತ್ತಿಲಲ್ಲಿ ಕೂತು ಹಿತುಕಿದ್ದರು. ಬಹಳ ದಿನಗಳ ಮೇಲೆ ನನಗೆ ಹಸಿವೆಂದರೆ ಏನೆಂದು ಗೊತ್ತಾಯಿತು.

ಗಂಟೆ ಬಾಗಿಲು ಬದಲಾಯಿಸಿದ ಸುದ್ದಿಯನ್ನು ನಾವು ಯಾರಿಗೂ ಕಳಿಸಲಿಲ್ಲ. ಅದು ತಾನೇ ಹೋಯಿತು, ಬಸ್ಸಿನಲ್ಲಿ, ಡಿಸ್ಪೆನ್ಸರಿಯ ಸಾಲಿನಲ್ಲಿ, ಮದುವೆ ಮನೆಗಳಲ್ಲಿ. ಚೆಕಪ್ಪಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ರಾಜಣ್ಣ ಬಂದು ಮತ್ತೆ ಕಾಗೆಗಳನ್ನು ಹಾರಿಸಿದರು. "ಒಂದೇ ಸಲ ಸಾಕು ರಾಜಣ್ಣ, ದೇವ್ರಿಗೆ ಕಿವಿ ಚೆನ್ನಾಗಿದೆ" ಅಂದೆ. "ನಿಮ್ಗೆ ಕೇಳ್ಲಿ ಅಂತ ಸಿಸ್ಟರ್" ಅಂದರು. ಯಲಹಂಕದಲ್ಲಿ ಮಾತ್ರ ಇಷ್ಟು ಜನ ಚೆಕಪ್ಪಿಗೆ ಹೇಗೆ ಬರುತ್ತಾರೆಂದು ಹೆಡ್ ಆಫೀಸಿನವರಿಗೆ ಆಶ್ಚರ್ಯ. ತಾವು ಕಳಿಸುವ ಮೆಸೇಜುಗಳ ಪ್ರಭಾವ ಎಂದು ತೀರ್ಮಾನಿಸಿ ಮೆಸೇಜುಗಳನ್ನು ಎರಡರಷ್ಟು ಮಾಡಿದರು. ನಾವು ಬಾಯಿ ಬಿಡಲಿಲ್ಲ.

ಬೇಸಿಗೆಯಲ್ಲಿ ನನ್ನ ಕಾಂಟ್ರ್ಯಾಕ್ಟ್ ಮುಗಿಯಿತು. ಮತ್ತೆ ಗುಲಾಬಿ ಗಿಡಗಳು. ಎಲ್ಲರೂ ಉಳಿಯಲಿಲ್ಲ, ರಾಜಣ್ಣ ಮುಂದಿನ ಮಳೆಗಾಲದಲ್ಲಿ ಹೋದರು, ಕೊನೆಯವರೆಗೂ ತಮಾಷೆ ಮಾಡುತ್ತಲೇ. ಆದರೆ ನನ್ನ ಬಿಪಿ ಮಾತ್ರೆಗೆಂದು ಯಲಹಂಕಕ್ಕೆ ಹೋದಾಗೆಲ್ಲ ಡೇ ಕೇರಿನ ಕಡೆ ಒಂದು ಸುತ್ತು ಹಾಕುತ್ತಿದ್ದೆ, ಆ ಟಣ್ ಕೇಳಲು.

ಲಕ್ಷ್ಮೀದೇವಮ್ಮನನ್ನು ಕಡೆಯ ಸಲ ನೋಡಿದ್ದು ಹೋದ ವರ್ಷದ ಅವರೆಕಾಯಿ ಕಾಲದಲ್ಲಿ. ಐದು ವರ್ಷ ತುಂಬಿತ್ತು. ತಲೆ ತುಂಬ ಕೂದಲು, ಬಿಳಿ ಕಪ್ಪು ಬೆರೆತ ದಪ್ಪ ತುರುಬು, ಅದರಲ್ಲಿ ಸೇವಂತಿಗೆ. ನಂದಿತಾಳ ಕೋಣೆಯಿಂದ ಹೊರಗೆ ಬಂದವರು ನನ್ನನ್ನು ನೋಡಿ ನಿಂತರು.

"ಇನ್ನಿಲ್ಲಿಗ್ ಬರೋದೇ ಬೇಡ್ವಂತೆ ಸಿಸ್ಟರಮ್ಮ. ವರ್ಷುಕ್ಕೊಂದ್ಸಲ ನಮ್ ಡಿಸ್ಪೆನ್ಸ್ರೀಲೇ ತೋರುಸ್ಕೊಂಡ್ರೆ ಸಾಕಂತೆ."

"ಗೌಡ್ರು?"

"ಈಚೆ ಅವ್ರೆ. ಕಾರ್ ಬಿಟ್ ಕದಲಲ್ಲ, ಬೇಳೆ ಡಬ್ಬ ಕಾಯ್ತವ್ರೆ." ನಕ್ಕರು. ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು. ಬೆರಳುಗಳಲ್ಲಿ ಅದೇ ಸೊಗಡು. ಕೈ ಬಿಟ್ಟು ಹೊರಟರು.

ನಾನೂ ಜೊತೆಯಲ್ಲಿ ಹೊರಹೋಗುವ ಬಾಗಿಲವರೆಗೆ ನಡೆದೆ. ಗೋಡೆಯ ಮೇಲಿನ ಆ ಎರಡು ತೂತುಗಳಿಗೆ ಯಾರೋ ಸುಣ್ಣ ಮೆತ್ತಿದ್ದರು. ಆಕೆ ಅದನ್ನು ದಾಟಿದರು, ಮೆಟ್ಟಿಲಿಳಿದರು. ಬತ್ತೀನಿ ಅನ್ನಲಿಲ್ಲ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮದರ್ ಕಲಿಸಿದ 'ಮತ್ತೆ ಬನ್ನಿ' ಬಾಯಿಯವರೆಗೆ ಬಂತು. ತುಟಿ ಬಿಗಿಹಿಡಿದು, ಆ ಸೇವಂತಿಗೆ ಹೂವು ಗೇಟು ದಾಟುವ ತನಕ ನೋಡುತ್ತ ನಿಂತೆ.